ಡ್ರಮ್ಮಿನ ತಲೆಯ ಮೇಲಿನ ನೀರು

ಜೂನ್ 9, ಬೆಳಿಗ್ಗೆ

ಮತ್ತೊಂದು ದೋಣಿ ಎಂಜಿನ್. ಗೊಗ್ಗರನದ್ದು. ಸ್ಟಾರ್ಟ್ ಆಗುತ್ತದೆ, ನಿಧಾನದಲ್ಲಿ ಗುಡುಗುಡು ಅನ್ನುತ್ತದೆ, ಥ್ರಾಟಲ್ ತಿರುಗಿಸಿದ ಕೂಡಲೇ ಕೆಮ್ಮಿ, ಬಿಕ್ಕಿ, ಪ್ರಾಣ ಬಿಡುತ್ತದೆ. ಹಗ್ಗ ಎಳೆದರೆ ಮತ್ತೆ ಎದ್ದು ಕೂರುತ್ತದೆ. ಮತ್ತೆ ಸಾಯುತ್ತದೆ. ಥೇಟ್ ಅಪ್ಪ! ನಾಟಕದ ಕೊನೇ ಸೀನಿನಲ್ಲಿ ಎದೆಗೆ ಬಾಣ ನೆಟ್ಟ ಮೇಲೂ ಎದ್ದೆದ್ದು ಪದ್ಯ ಹೇಳಿ ಸಾಯುತ್ತಿದ್ದರು. ಜನ ‘ಒನ್ಸ್ ಮೋರ್’ ಅಂದರೆ ಬದುಕಿ ಬಂದು ಇನ್ನೊಮ್ಮೆ.

ಪ್ಲಗ್ ಬಿಚ್ಚಿದೆ. ಕಿಡಿ ಇದೆ. ಕಾರ್ಬ್ಯುರೇಟರ್ ಬುಡದ ಸ್ಕ್ರೂ ಸಡಿಲಿಸಿ ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಇಳಿಸಿದೆ. ಕಿಟಕಿಯಲ್ಲಿಟ್ಟು ಕಾದೆ. ಮೇಲೆ ಪೆಟ್ರೋಲ್. ತಳದಲ್ಲಿ ಪಾದರಸದ ಹಾಗೆ ಉರುಳುವ ನೀರಿನ ಗುಳ್ಳೆ.

“ಎಲೈ ಜಲವೇ! ಅಗ್ನಿಯ ಅರಮನೆಯಲ್ಲಿ ನಿನಗೇನು ಕೆಲಸ?” ಅಂದೆ.

ಗೊಗ್ಗರ ಕಿವಿ ಮುಚ್ಚಿಕೊಂಡ. ಗಂಟಲು ಕೆಟ್ಟ ಮೀನುಗಾರ, ಅವನದ್ದು ಮರಳು ಕಾಗದ ಉಜ್ಜಿದಂಥ ಮಾತು. “ಮೆಲ್ಲಗಪ್ಪಾ... ಮೀನೆಲ್ಲ ಆಚೆ ದಡಕ್ಕೆ ಓಡಿ ಹೋಗ್ತವೆ.”

ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಬುದ್ಧಿ ಹೇಳಿ ಕಳಿಸಿದೆ. ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡ, ಒಳಗಿನ ಗಾಳಿ ತಣ್ಣಗಾಗಿ ಬೆವರುತ್ತದೆ, ಸಂಜೆಯೇ ತುಂಬಿಸಿಡು. “ಹೂಂ ಪ್ರಭು” ಅಂದು ಹೋದ.

ಹೋದ ಮೇಲೆ ಶೆಡ್ ತುಂಬ ಗಡಿಯಾರದ ಸದ್ದು.


ಜೂನ್ 9, ಸಂಜೆ

ಊಟ ಅತ್ತಿಗೆಯ ಮನೆಯಲ್ಲಿ, ಎಂದಿನಂತೆ. ಅಣ್ಣ ತೀರಿಹೋದ ಮೇಲೂ ಇದೊಂದು ನಡೆದುಕೊಂಡು ಬಂದಿದೆ. ಗೋಡೆಯಾಚೆ ಅವರ ಮನೆ, ಈಚೆ ನನ್ನ ಶೆಡ್, ಹಿತ್ತಲಿನಲ್ಲಿ ಪೆಟ್ರೋಲಿನ ಡ್ರಮ್. ಜೆಟ್ಟಿಯ ದೋಣಿಗಳಿಗೆಲ್ಲ ಅವರೇ ಕೈಪಂಪಿನಿಂದ ಕ್ಯಾನಿಗೆ ಅಳೆದು ಹಾಕಿ ಕೊಡುವುದು. ಅಣ್ಣ ನಡೆಸುತ್ತಿದ್ದ ವ್ಯಾಪಾರ.

ದಿನವಿಡೀ ನಾನು ಮನುಷ್ಯರ ಜೊತೆ ಆಡುವ ಮಾತು ಈ ಊಟದ ಹೊತ್ತಿನದ್ದೇ. ಉಳಿದದ್ದೆಲ್ಲ ಎಂಜಿನ್ನಿಗೆ.

ಅಪ್ಪನ ನಾಟಕ ಕಂಪನಿಯಲ್ಲಿ ನಾನು ಅಶರೀರವಾಣಿ ಆಗಿದ್ದ ಕಥೆ ಮತ್ತೆ ಹೇಳಿದೆ. ಮುಖ ಸಾಲದು, ಕಂಠ ಉಂಟು ಅಂತ ಪರದೆಯ ಹಿಂದೆ ಡಬ್ಬದ ಮೇಲೆ ನಿಲ್ಲಿಸುತ್ತಿದ್ದರು. “ಎಲವೋ ರಾಜಾ, ನಿನ್ನ ಅಂತ್ಯ ಸಮೀಪಿಸಿತು!” ಅಂತ ತೋರಿಸಿಯೂ ತೋರಿಸಿದೆ.

“ಅಂತ್ಯ ಆಮೇಲೆ. ಸಾರು ಆರ್ತಿದೆ” ಅಂದರು ಅತ್ತಿಗೆ.


ಜೂನ್ 14

ಎಂಜಿನ್ ಮೇಲೆ ಎಂಜಿನ್. ಒಂದೇ ರೋಗ. ಶೆಡ್ಡಿನ ಮುಂದೆ ಕ್ಯೂ! ಬೆಂಚು ಸಾಲದೆ ಟಯರ್ ಮೇಲೆ, ಮೆಟ್ಟಿಲ ಮೇಲೆ ಜನ. ಒಬ್ಬ ಟೀ ತರಿಸಿದ. ಇನ್ನೊಬ್ಬ ನಾಟಕದ ಕಥೆ ಹೇಳು ಅಂದ. ಹೇಳಿದೆ. ಬಾಟಲಿ ಬೆಳಕಿಗೆ ಹಿಡಿದು ತೋರಿಸಿದೆ, ನೋಡಿದವರೆಲ್ಲ ‘ಹೋ’ ಅಂದರು. ಎಷ್ಟು ವರ್ಷ ಆಯಿತು ಒಂದು ‘ಹೋ’ ಕೇಳಿ.

ಇಷ್ಟು ಟ್ಯಾಂಕುಗಳು ಒಟ್ಟಿಗೆ ಬೆವರಲಾರವು. ಗೊತ್ತು. ಎಲ್ಲಿಂದಲೋ ನೀರು ಬರುತ್ತಿದೆ. ನಾಳೆ ಯೋಚಿಸಿದರಾಯಿತು ಅಂದುಕೊಂಡೆ... ನಾಳೆಯೂ ಬರಲಿ ಇವರು, ಅಂತಲೂ.

ಊಟಕ್ಕೆ ಹೋಗಲು ತಡವಾಯಿತು. ಅತ್ತಿಗೆ ತಟ್ಟೆ ಮುಚ್ಚಿಟ್ಟು ಮಲಗಿದ್ದರು.


ಜೂನ್ 17

ಹೇಗೆ ಬರೆಯಲಿ. ನಡೆದ ಹಾಗೆ.

ಬೆಳಿಗ್ಗೆ ಕ್ಯಾಪ್ಟನ್ನನ ದೋಣಿ ನಡುನೀರಿನಲ್ಲಿ ಸತ್ತಿತು. ಕ್ಯಾಪ್ಟನ್ ಅಂದರೆ ಜನರನ್ನು ಆಚೆ ದಡಕ್ಕೆ ದಾಟಿಸುವವನು, ಟೋಪಿ ಹಾಕುತ್ತಾನೆ ಅಂತ ಆ ಹೆಸರು. ದೋಣಿ ತುಂಬ ಆಫೀಸಿನವರು, ಒಬ್ಬಳು ಬಸುರಿ. ಸೆಳೆತ ಎಳೆದುಕೊಂಡು ಹೋಗಿ ಸೇತುವೆಯ ಕಂಬದ ಕಡೆ ತಿರುಗಿಸಿತಂತೆ. ಗೊಗ್ಗರ ಹಗ್ಗ ಎಸೆದು ಎಳೆದು ತಂದ. ಕಂಬಕ್ಕೂ ದೋಣಿಗೂ ಒಂದು ಕೈ ಅಂತರ ಇತ್ತು ಅನ್ನುತ್ತಾರೆ.

ಜೆಟ್ಟಿಯಲ್ಲಿ ಊರೇ ನೆರೆದಿತ್ತು. ನಾನು ಫಿಲ್ಟರಿನ ಬಟ್ಟಲು ಬಿಚ್ಚಿದೆ. ಅರ್ಧಕ್ಕರ್ಧ ನೀರು.

“ಎಲ್ಲಿ ತುಂಬಿಸಿದ್ದು?” ಅಂದೆ.

“ಇನ್ನೆಲ್ಲಿ? ಅಕ್ಕನ ಹತ್ರ. ನಿನ್ನೆ ಸಂಜೆ” ಅಂದ ಕ್ಯಾಪ್ಟನ್.

ನೇರ ಹಿತ್ತಲಿಗೆ ನಡೆದೆ. ಹಿಂದೆ ಜನ. ಡ್ರಮ್ಮಿನ ತಳಕ್ಕೆ ಪೈಪ್ ಇಳಿಸಿ ಎಳೆದೆ, ಬಾಟಲಿಗೆ ಬಿಟ್ಟೆ. ಮೋಡ ಸರಿದು ಬಿಸಿಲು ಬಿತ್ತು, ಲೈಟ್ ಬಿಟ್ಟ ಹಾಗೆ. ಬಾಟಲಿ ಎತ್ತಿ ಹಿಡಿದೆ. ಹೊಟ್ಟೆಯಿಂದ ಬಂತು ಧ್ವನಿ. ಕಟ್ಟಕಡೆಯ ಸಾಲಿಗೂ ಮುಟ್ಟುವ ಧ್ವನಿ.

“ಇಗೋ ನೋಡಿ! ನೀರು! ಈ ಡ್ರಮ್ಮಿನಲ್ಲಿದೆ ನೀರು!”

ಎಲ್ಲರ ತಲೆ ತಿರುಗಿತು. ನನ್ನ ಕಡೆಗಲ್ಲ. ಬಾಗಿಲಲ್ಲಿ ಅತ್ತಿಗೆ, ಕೈಯಲ್ಲಿ ಆಲಿಕೆ.

“ನೀರು ಬೆರೆಸೋದು ಹಾಲಿಗೆ ಅಂತ ಕೇಳಿದ್ದೆ ಅಕ್ಕಾ,” ಅಂದ ಕ್ಯಾಪ್ಟನ್. “ಪೆಟ್ರೋಲಿಗೂ ಶುರು ಮಾಡಿದ್ರಾ? ಇವತ್ತು ಹದಿನೈದು ಹೆಣ ಬೀಳ್ತಿತ್ತು.”

“ನಾನು ಬೆರೆಸಿಲ್ಲ.”

ಅಷ್ಟೇ ಅಂದರು. ಆಲಿಕೆಯನ್ನು ಮೊಳೆಗೆ ನೇತುಹಾಕಿ ಒಳಗೆ ಹೋದರು. ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ಮುಚ್ಚಿದರು.

ಬೆರೆಸಿದ್ದಾರೆ ಅಂತ ನಾನೆಲ್ಲಿ ಅಂದೆ? ನೀರಿದೆ ಅಂದೆ. ಇತ್ತು. ಅಷ್ಟೇ ತಾನೇ ಅಂದದ್ದು...


ಜೂನ್ 18

ಊಟಕ್ಕೆ ಹೋದೆ. ಬಾಗಿಲು ಹಾಕಿತ್ತು. ಒಳಗೆ ಪಾತ್ರೆ ಸದ್ದು. ಕೂಗಿದೆ. ಪಾತ್ರೆ ಸದ್ದು ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಬ್ರೆಡ್ ತಿಂದೆ. ಶೆಡ್ಡಿನಲ್ಲಿ ನಿಂತುಕೊಂಡೇ.


ಜೂನ್ 19

ಯಾರೂ ಅವರಲ್ಲಿ ಕೊಳ್ಳುತ್ತಿಲ್ಲ. ಕ್ಯಾನ್ ಹೊತ್ತು ಪೇಟೆಯ ಬಂಕಿಗೆ ಹೋಗುತ್ತಾರೆ. ಅಣ್ಣ ಕಟ್ಟಿದ ವ್ಯಾಪಾರ ನಾನೊಂದು ವಾಕ್ಯದಲ್ಲಿ ಕೆಡವಿದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಕೂಗಿದರೆ?

ಗೊಗ್ಗರ ಬಂದಿದ್ದ. “ಅಕ್ಕ ಅವರಕ್ಕನ ಮನೆಗೆ ಹೋಗ್ತಾರಂತೆ. ಪೂರ್ತಿಯಾಗಿ. ನಿಂಗೆ ಗೊತ್ತಾ?”

ಗೊತ್ತಿರಲಿಲ್ಲ. ಗೋಡೆಯಾಚೆಯ ಸುದ್ದಿ ನದಿ ಸುತ್ತಿ ಬಂತು.

ಅವರು ಬೆರೆಸಿಲ್ಲ. ಇಪ್ಪತ್ತು ವರ್ಷ ಅವರ ಕೈಯಡುಗೆ ಉಂಡವನಿಗೆ ಅಷ್ಟು ತಿಳಿಯುವುದಿಲ್ಲವೇ. ಹಾಗಾದರೆ ನೀರು ಹೇಗೆ ಬಂತು? ಅದನ್ನು ಹಿಡಿದರೆ ಅವರು ಹೋಗಬೇಕಾಗಿಲ್ಲ. ಹಿಡಿಯಬೇಕು.


ಜೂನ್ 20, ಮಧ್ಯಾಹ್ನ

ಹಿತ್ತಲಿಗೆ ಹೋಗಿ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ತೂತಿಲ್ಲ. ತುಕ್ಕಿಲ್ಲ. ಮಳೆ ಹನಿಯತೊಡಗಿತು. ಎದ್ದು ನಿಂತೆ, ಆಗ ಕಂಡಿತು. ನಿಂತ ಡ್ರಮ್ಮಿನ ತಲೆ ಅಂದರೆ ಒಂದು ತಟ್ಟೆ, ಸುತ್ತ ಅಂಚು ಎದ್ದಿದೆ. ಮಳೆನೀರು ಅದರಲ್ಲಿ ತುಂಬಿ ನಿಂತಿದೆ. ಬಾಯಿಯ ಮುಚ್ಚಳ ಆ ನೀರಿನಡಿ ಮುಳುಗಿದೆ. ಮುಚ್ಚಳದ ವಾಷರ್ ಬಿರುಕು ಬಿಟ್ಟಿದೆ.

ಬಿಸಿಲಿಗೆ ಡ್ರಮ್ ಕಾಯುತ್ತದೆ, ಒಳಗಿನ ಗಾಳಿ ಉಬ್ಬಿ ಬಿರುಕಿನಲ್ಲಿ ಹೊರಗೆ ಹೋಗುತ್ತದೆ. ಮಳೆ ಬಂದು ತಣ್ಣಗಾದರೆ ಡ್ರಮ್ ಉಸಿರು ಒಳಗೆಳೆಯುತ್ತದೆ. ಆಗ ಬಾಯಿಯ ಮೇಲಿರುವುದು ಗಾಳಿಯಲ್ಲ, ನೀರು! ದಿನಕ್ಕೊಂದು ಗುಟುಕು. ತಳದಲ್ಲಿ ಕೂತು ಕೂತು, ಪಂಪಿನ ಕೊಳವೆಯ ಬಾಯಿಗೆ ಮುಟ್ಟುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಬಾಗಿಲು ಬಡಿದೆ. ಈ ಸಲ ತೆರೆದರು.

“ಅತ್ತಿಗೇ! ಸತ್ಯ ಸೆರೆಮನೆಯಿಂದ ಬಿಡುಗಡೆ ಆಯಿತು! ಈ ಡ್ರಮ್—”

“ಯಾಕೆ ಕಿರುಚ್ತೀಯ? ಎದುರಿಗೇ ಇದ್ದೀನಲ್ಲ.”

“ಡ್ರಮ್ ಯಾಕೆ ನಿಂತಿದೆ ಅತ್ತಿಗೆ? ಅಣ್ಣ ಯಾವಾಗಲೂ ಸ್ಟ್ಯಾಂಡ್ ಮೇಲೆ ಮಲಗಿಸಿ ನಲ್ಲಿ ಹಾಕ್ತಿದ್ದ.”

“ಮಲಗಿಸೋಕೆ ಇಬ್ಬರು ಬೇಕು. ಲಾರಿಯವರು ನಿಲ್ಲಿಸಿ ಹೋಗ್ತಾರೆ. ನಾನೊಬ್ಬಳು ತುಂಬಿದ ಡ್ರಮ್ ಹೇಗೆ ಮಲಗಿಸ್ಲಿ?”

“ನನ್ನ ಕರೀಬೇಕಿತ್ತು.”

“ಕರೆದೆ. ಎರಡು ಸಲ. ನೀನು ಎಂಜಿನ್ ಹತ್ರ ಮಾತಾಡ್ತಿದ್ದೆ.”

ಬಾಗಿಲು ಮುಚ್ಚಿತು.


ಜೂನ್ 21

ಜೆಟ್ಟಿಗೆ ಹೋಗಿ ವಿವರಿಸಿದೆ. ಕೈ ಬೀಸಿ, ಉಸಿರು ಎಳೆದು ಬಿಟ್ಟು, ಡ್ರಮ್ಮೇ ಆಗಿ ತೋರಿಸಿದೆ.

“ಪಾರ್ಟ್ ಚೆನ್ನಾಗಿ ಮಾಡ್ದೆ” ಅಂದ ಕ್ಯಾಪ್ಟನ್. “ಕಬ್ಬಿಣ ಉಸಿರಾಡುತ್ತೆ, ಅಲ್ವಾ? ನಾಳೆ ಹಸಿವಾಗುತ್ತೆ ಅಂತೀಯ. ಊಟ ಹಾಕೋ ಅತ್ತಿಗೆ, ನೀನು ಇನ್ನೇನು ಹೇಳ್ತೀಯ?”

ಎಲ್ಲರೂ ನಕ್ಕರು. ಕರತಾಡನ ಕೇಳಿ ಬೆಳೆದವನು ನಾನು. ಈ ನಗು ಬೇರೆ.

ಸರಿ. ಮಾತು ಬೇಡ. ಕಣ್ಣಿಗೇ ಕಾಣಿಸಬೇಕು.


ಜೂನ್ 22

ಏರ್ಪಾಡು ಮುಗಿಯಿತು. ಬೇರೆ ಖಾಲಿ ಡ್ರಮ್ ತಂದು, ತೊಳೆದು, ಒಣಗಿಸಿ ಅಂಗಳದ ನಡುವೆ ನಿಲ್ಲಿಸಿದೆ. ಪೆಟ್ರೋಲನ್ನು ಕ್ಯಾಪ್ಟನ್ನನೇ ಪೇಟೆಯಿಂದ ತಂದ, ಅವನೇ ಬಾಟಲಿಯಲ್ಲಿ ನೋಡಿದ, ಅವನೇ ಸುರಿದ. ಅತ್ತಿಗೆಯ ಡ್ರಮ್ಮಿನ ಅದೇ ಹಳೇ ವಾಷರ್ ಹಾಕಿ ಮುಚ್ಚಳವನ್ನು ಗೊಗ್ಗರ ತನ್ನ ಕೈಯಾರೆ ಬಿಗಿ ಮಾಡಿದ. ನಾನು ಮುಟ್ಟಲೇ ಇಲ್ಲ. ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ ಡ್ರಮ್ಮಿನ ತಲೆಯ ಮೇಲೆ ಹೊಯ್ದೆ. ಮುಚ್ಚಳ ನೀಲಿಯಲ್ಲಿ ಮುಳುಗಿತು.

“ಈ ಬಣ್ಣ ಒಳಗೆ ಸಿಕ್ಕಿದರೆ ಡ್ರಮ್ ಕುಡಿದದ್ದು ನಿಜ. ಸಿಗದಿದ್ದರೆ ನನ್ನ ಹೆಸರು ಬದಲಿಸಿ” ಅಂದೆ.

“ಊರು ಇಟ್ಟಿರೋ ಹೆಸರೇ ನಾಟಕ. ಇನ್ನೇನು ಇಡೋದು?” ಅಂದ ಗೊಗ್ಗರ.

ಅತ್ತಿಗೆಯ ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ನೋಡಿದರೋ, ಗಾಳಿಯೋ.


ಜೂನ್ 24

ತಲೆಯ ಮೇಲಿನ ನೀಲಿಯನ್ನು ಒರೆಸಿ, ಮುಚ್ಚಳ ತೆಗೆದು ನೋಡಿದೆವು. ತಳದಲ್ಲಿ ಏನೂ ಇಲ್ಲ. ಶುದ್ಧ ಪೆಟ್ರೋಲ್.

ಕ್ಯಾಪ್ಟನ್ ಟೋಪಿ ಹಾಕಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲಿ ತಪ್ಪಿತು? ಹಗಲೆಲ್ಲ ಶೆಡ್ಡಿನ ಕಂಬಕ್ಕೆ ಒರಗಿ ಯೋಚಿಸಿದೆ... ಎರಡು ದಿನವೂ ಮೋಡ. ಬಿಸಿಲೇ ಇಲ್ಲ. ಕಾಯದ ಡ್ರಮ್ ಗಾಳಿಯನ್ನು ಯಾಕೆ ಬಿಟ್ಟೀತು, ಯಾಕೆ ಎಳೆದೀತು? ನಾಟಕ ಶುರು ಮಾಡಿಬಿಟ್ಟಿದ್ದೇನೆ, ಕಥಾನಾಯಕ ರಂಗಕ್ಕೆ ಬಂದೇ ಇಲ್ಲ.

ನೀಲಿ ಮತ್ತೆ ಹೊಯ್ದೆ. ಗೊಗ್ಗರನನ್ನು ಬೇಡಿಕೊಂಡೆ, ಮುಚ್ಚಳ ನೀನೇ ಹಾಕು ಅಂತ. “ಹಾಕ್ತೀನಿ. ಆದ್ರೆ ಅಕ್ಕ ಗಂಟು ಕಟ್ತಿದ್ದಾರೆ, ನೋಡ್ಕೋ” ಅಂದ.


ಜೂನ್ 25

ಮೋಡ.


ಜೂನ್ 26

ಮೋಡ. ಗೋಡೆಯಾಚೆ ಪೆಟ್ಟಿಗೆ ಎಳೆಯುವ ಸದ್ದು.


ಜೂನ್ 28

ಬಿಸಿಲು! ನಿನ್ನೆಯಿಂದ ಬೆಂಕಿ ಬಿಸಿಲು. ಡ್ರಮ್ ಮುಟ್ಟಿದರೆ ಕೈ ಸುಡುತ್ತಿತ್ತು. ಮಧ್ಯಾಹ್ನ ಮುಚ್ಚಳದ ಬಳಿ ನೀಲಿ ನೀರಿನಲ್ಲಿ ಸಣ್ಣ ಗುಳ್ಳೆ ಏಳುವುದನ್ನು ನಾನೇ ಕಂಡೆ. ಉಸಿರು ಬಿಡುತ್ತಿತ್ತು! ಎರಡು ದಿನವೂ ಸಂಜೆ ಗುಡುಗಿ ಸುರಿಯಿತು. ನಾನು ಮಳೆಯಲ್ಲೇ ನಿಂತು ಡ್ರಮ್ಮಿನ ಹೊಟ್ಟೆಗೆ ಕಿವಿ ಇಟ್ಟೆ. ಕಬ್ಬಿಣ ಟಿಕ್ ಟಿಕ್ ಅನ್ನುತ್ತ ತಣ್ಣಗಾಗುತ್ತಿತ್ತು. ‘ಕುಡಿ, ಕುಡಿ’ ಅಂದೆ. ಇಂಥ ಪ್ರೇಕ್ಷಕ ಯಾವ ನಟನಿಗೂ ಸಿಕ್ಕಿರಲಾರ.


ಜೂನ್ 29

ಎಲ್ಲರನ್ನೂ ಕರೆದೆ. ಕ್ಯಾಪ್ಟನ್ ಒಲ್ಲದ ಮನಸ್ಸಿನಿಂದ ಬಂದ. ತಲೆಯ ಮೇಲಿನ ನೀಲಿಯನ್ನು ಅವನೇ ಒರೆಸಿದ, ಮುಚ್ಚಳ ಮುಟ್ಟಿ ನೋಡಿದ, ಬಿಗಿಯಾಗಿಯೇ ಇತ್ತು, ಬಿಚ್ಚಿದ. ಪೈಪ್ ಅವನ ಕೈಗೇ ಕೊಟ್ಟೆ. ತಳ ಮುಟ್ಟಿಸಿ ಎಳೆದು ಬಾಟಲಿಗೆ ಬಿಟ್ಟ.

ಮೇಲೆ ಪೆಟ್ರೋಲ್. ಕೆಳಗೆ, ಬೆರಳಷ್ಟು ದಪ್ಪ, ನೀಲಿ.

ಕ್ಯಾಪ್ಟನ್ ಬಾಟಲಿಯನ್ನು ಓರೆ ಮಾಡಿದ, ನೇರ ಮಾಡಿದ. ಟೋಪಿ ತೆಗೆದ. ನೆಟ್ಟಗೆ ಹೋಗಿ ಅತ್ತಿಗೆಯ ಬಾಗಿಲ ಮುಂದೆ ನಿಂತ.

“ಅಕ್ಕಾ, ದೊಡ್ಡ ಮಾತಾಡ್ಬಿಟ್ಟೆ. ಅವತ್ತು ಜೀವ ಬಾಯಿಗೆ ಬಂದಿತ್ತು. ತಪ್ಪಾಯ್ತು.”

“ಆಯ್ತು ಬಿಡಿ. ಜನ ತುಂಬಿದ ದೋಣಿ, ಸಿಟ್ಟು ಬರೋದೇ” ಅಂದರು ಅತ್ತಿಗೆ.

ಆಗ ನನಗೆ ತಡೆಯಲಾಗಲಿಲ್ಲ. ಅಂಗಳದ ನಡುವೆ ನಿಂತು ಎರಡೂ ಕೈ ಎತ್ತಿ ಘೋಷಿಸಿದೆ. “ಕೇಳಿರಿ ಸಮಸ್ತ ದೋಣಿಯವರೇ! ಈ ಮಹಾತಾಯಿ ನಿರ್ದೋಷಿ! ಕಳ್ಳ ಆ ಮಳೆ! ಕಳ್ಳ ಈ ಡ್ರಮ್!”

ಚಪ್ಪಾಳೆ ಬಂತು. ನಿಜವಾಗಿ ಬಂತು. ಗೊಗ್ಗರ ಸಿಳ್ಳೆ ಹಾಕಲು ಹೋಗಿ ಕೆಮ್ಮಿದ.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತಿಗೆ ಇರಲಿಲ್ಲ.


ಜೂನ್ 30

ಹೊರಟರು.

ಪೆಟ್ಟಿಗೆ ನಾನೇ ಹೊತ್ತೆ, ಬಸ್ ಸ್ಟಾಪಿನವರೆಗೆ. ಎಲ್ಲ ತೀರ್ಮಾನ ಆಯಿತಲ್ಲ, ಹೆಸರು ಶುದ್ಧವಾಯಿತಲ್ಲ, ಇನ್ಯಾಕೆ ಹೋಗುತ್ತೀರಿ ಅಂದೆ. ಬಸ್ ತಿರುವಿನಲ್ಲಿ ಕಂಡಾಗ ಅಂದರು —

“ನೀರಿದೆ ಅಂತ ಊರಿಗೆ ಹೇಳ್ದೆ. ಅತ್ತಿಗೆ ತಪ್ಪಿಲ್ಲ ಅಂತ ಅದನ್ನೂ ಊರಿಗೇ ಹೇಳ್ದೆ. ನಂಗೇನು ಹೇಳ್ದೆ?”

ಬಾಯಿ ತೆರೆದೆ. ಮಾತು ಮರೆತ ನಟನಿಗೆ ಪರದೆಯ ಪಕ್ಕದಿಂದ ಹೇಳಿಕೊಡುವವನು ಇರುತ್ತಾನೆ. ಬಸ್ ಸ್ಟಾಪಿನಲ್ಲಿ ಯಾರಿರುತ್ತಾರೆ?

“ಮತ್ತೆ ಬರ್ತೀರಲ್ಲ?”

“ನೋಡೋಣ.”

ಹತ್ತಿದರು. ಕೂತ ಕಿಟಕಿ ಆಚೆ ಕಡೆಯದ್ದು.


ಜುಲೈ 5

ಎಂಜಿನ್‌ಗಳೆಲ್ಲ ಸರಿಯಾಗಿವೆ. ಎಲ್ಲವೂ ಪೇಟೆಯ ಪೆಟ್ರೋಲ್ ಕುಡಿದು ಗುಂಯ್ ಅಂತ ಓಡುತ್ತವೆ. ಯಾರೂ ಬರಲಿಲ್ಲ.

ಅನ್ನಕ್ಕೆ ನೀರು ಹೆಚ್ಚಾಯಿತು. ಗಂಜಿ ಅಂತ ಹೆಸರಿಟ್ಟು ಉಂಡೆ.


ಜುಲೈ 11

ಯಾರೂ ಇಲ್ಲ. ಬೆಂಚು ಒರೆಸಿದೆ. ಒರೆಸುವುದಕ್ಕೆ ಧೂಳೂ ಇರಲಿಲ್ಲ.

ನನ್ನ ಹಳೇ ಎಂಜಿನ್ನನ್ನು ಸ್ಟ್ಯಾಂಡಿಗೆ ಏರಿಸಿ ಸುಮ್ಮನೆ ಬಿಚ್ಚಿದೆ, ಸುಮ್ಮನೆ ಜೋಡಿಸಿದೆ. ಒಂದು ಮಾತೂ ಆಡಲಿಲ್ಲ ಅದರ ಜೊತೆ. ಆಮೇಲೆ ಗಮನಕ್ಕೆ ಬಂತು.


ಜುಲೈ 19

ಲಾರಿ ಬಂತು. ಅತ್ತಿಗೆ ಮೊದಲೇ ಹೇಳಿಟ್ಟಿದ್ದ ಡ್ರಮ್. ಡ್ರೈವರ್ ಇಳಿಸಿ, ನಿಲ್ಲಿಸಿ, ಹೊರಡುವವನಿದ್ದ.

“ನಿಲ್ಲಯ್ಯಾ. ಮಲಗಿಸಿ ಹೋಗು.”

“ಅದು ನನ್ನ ಕೆಲಸ ಅಲ್ಲ ಯಜಮಾನ್ರೇ. ಇಷ್ಟು ದಿನ ಆ ಅಮ್ಮ ಏನೂ ಕೇಳ್ತಿರಲಿಲ್ಲ.”

“ಕೇಳ್ತಿರಲಿಲ್ಲ. ಹೌದು. ನಾನು ಕೇಳ್ತಿದ್ದೀನಿ. ಆ ಕಡೆ ಹಿಡಿ.”

ಗೊಗ್ಗರನೂ ಬಂದ. ಅಣ್ಣನ ಸ್ಟ್ಯಾಂಡ್ ಬೇಲಿಯ ಬಳ್ಳಿಯೊಳಗೆ ಬಿದ್ದಿತ್ತು. ಕಾಲು ಮುರಿದದ್ದನ್ನು ಬೆಸುಗೆ ಹಾಕಿಸಿ, ಮೇಲೆ ತಗಡು ಹೊದಿಸಿದೆ. ಡ್ರಮ್ ಮಲಗಿತು. ಬಾಯಿ ಎರಡೂ ಪೆಟ್ರೋಲಿನಡಿ, ಮಳೆ ಒಳಗೆ ಬರುವ ದಾರಿಯಿಲ್ಲ.

“ಡ್ರಮ್ ಏನೋ ಸರಿ ಆಯ್ತು. ಅಳೆದು ಕೊಡೋರು?” ಅಂದ ಗೊಗ್ಗರ. “ಅಕ್ಕಂಗೆ ಫೋನ್ ಮಾಡಿದ್ಯಾ?”

ಹಿತ್ತಲಲ್ಲಿ ಕೆಲಸವಿದೆ ಅಂತ ಎದ್ದು ಹೋದೆ. ನಿಂತಿದ್ದದ್ದೇ ಹಿತ್ತಲಲ್ಲಿ.


ಜುಲೈ 20, ಬೆಳಿಗ್ಗೆ

ಫೋನ್ ಮೇಜಿನ ಮೇಲಿದೆ. ಹೇಳುವುದನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ನಾಲಿಗೆ ಸಿಂಹಾಸನ ಏರುತ್ತದೆ.

ಅತ್ತಿಗೇ, ಈ ಪಾಪಿ ಮೈದುನನ ಅಪರಾಧವನ್ನು — ಬೇಡ. ಇದಕ್ಕೆ ಹಾರ್ಮೋನಿಯಂ ಬೇಕಾಗುತ್ತದೆ.

ಅತ್ತಿಗೆ, ಡ್ರಮ್ ಮಲಗಿಸಿದೆ — ಇದು ಗೊಗ್ಗರನಿಗೆ ಹೇಳುವ ಮಾತು.

ಅತ್ತಿಗೆ, ಅವತ್ತು ನಿಮ್ಮ ಮುಖ ನೋಡಿದೆ. ನೋಡಿದ ಮೇಲೂ ಬಾಟಲಿ ಕೆಳಗಿಳಿಸಲಿಲ್ಲ.

ಇದು. ಇದಿಷ್ಟೇ.

ಹೊತ್ತು ನೋಡಿದೆ. ಎದ್ದಿರುತ್ತಾರೆ. ಸ್ಪೀಕರ್ ಹಾಕಿ ಒತ್ತಿದೆ. ರಿಂಗ್ ಆಗುತ್ತಿದೆ. ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ.

ಎತ್ತಿದರು. ಹಿಂದೆ ಯಾರದೋ ಮಗು ಅಳುತ್ತಿದೆ. “ಯಾರು? ... ನೀನಾ?”

ಓದಿದೆ. ಬರೆದದ್ದನ್ನು ಬರೆದ ಹಾಗೆ.

ಮಗುವಿನ ಅಳು. ಆಮೇಲೆ ಬಾಗಿಲು ಮುಚ್ಚಿದ ಸದ್ದು, ಅಳು ದೂರವಾಯಿತು.

“ಏನು? ಕೇಳಿಸ್ಲಿಲ್ಲ ಕಣೋ. ಸ್ವಲ್ಪ ಜೋರಾಗಿ ಹೇಳು.”